ಮಾವ ಕಂಪ್ಯೂಟರಿಗೆ ಬಣ್ಣ ಕಲಿಸಿದ್ದು

ಕಂಪ್ಯೂಟರಿಗೆ ದಿನಾ ವೀಳ್ಯ ಕೊಟ್ಟವರು ಇಡೀ ಶಿಕಾರಿಪುರದಲ್ಲಿ ಒಬ್ಬರೇ, ನಮ್ಮ ಸೋದರಮಾವ! ತೊಂಬತ್ತರ ದಶಕದ ಕೊನೆಗೆ ಅವರ ಫೋಟೋ ಸ್ಟುಡಿಯೋಗೆ ಕಂಪ್ಯೂಟರ್ ಬಂತು. ಅದರಲ್ಲಿ ಪರದೆಯ ಬಣ್ಣ ಹೊಂದಿಸಲೆಂದು ಪ್ರೊಫೈಲುಗಳೆಂಬ ಸಿದ್ಧ ಅಳತೆಗಳ ಪಟ್ಟಿಯೇ ಇತ್ತು. ಮಾವ ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಒಂದೊಂದನ್ನೂ ಹಾಕಿ ನೋಡಿ, "ಎಲ್ಲಾ ಸುಳ್ಳು ಬಣ್ಣ" ಅಂದುಬಿಟ್ಟರು.

ಆಮೇಲೆ ಶುರುವಾಯಿತು ನೋಡಿ, ಅವರದೇ ವಿದ್ಯೆ! ತಟ್ಟೆಯಲ್ಲಿ ಅರಿಶಿನದ ಕೊಂಬು, ಕುಂಕುಮ, ವೀಳ್ಯದೆಲೆ ಇಟ್ಟು ಫೋಟೋ ತೆಗೆದರು. ಫೋಟೋ ಪರದೆಯ ಮೇಲೆ, ತಟ್ಟೆ ಪರದೆಯ ಪಕ್ಕ. ಎರಡೂ ಒಂದೇ ಥರ ಕಾಣುವವರೆಗೆ ಗುಂಡಿ ಒತ್ತುವುದು. ಎಲೆ ಬಾಡುತ್ತದೆ ಅನ್ನುವುದು ಮಾತ್ರ ಅವರ ತಲೆಗೆ ಹೊಳೆಯಲಿಲ್ಲ! ಎಲೆ ಹಣ್ಣಾದಂತೆಲ್ಲ ಪರದೆಯನ್ನೂ ಹಳದಿ ಮಾಡಿದರು. ಆ ಪರದೆಯಲ್ಲಿ ಮದುವೆ ಫೋಟೋದ ಮುಖಗಳೂ ಹಳದಿ ಕಂಡವು. ಮಾವ ಫೋಟೋದಿಂದ ಹಳದಿ ತೆಗೆದು ತೆಗೆದು ಪ್ರಿಂಟ್ ಹಾಕಿದರೆ, ಅಂಜನಾಪುರದ ಬೀಗರೆಲ್ಲ ನೀಲಿ!

"ಏನ್ರೀ ಇದು, ನಮ್ಮ ಬೀಗರು ಮೂರು ದಿನ ನೀರಾಗೆ ಮುಳುಗಿ ಎದ್ದಂಗೆ ಕಾಣ್ತಾರಲ್ರೀ?" ಎಂದರು ಆ ಮದುವೆ ಹೆಣ್ಣಿನ ತಂದೆ. ಅಂದಿನಿಂದ ಬೆಳಗಾದರೆ ಹೊಸ ಎಲೆ.

ಕೆಂಪು ಅಂಗಿಯವರು ಹತ್ತಿರ ನಿಂತರೆ ಪರದೆಗೂ ಕೆಂಪು ಹೊಡೆಯುತ್ತದಂತೆ. "ಅಂಗಿ ಬಿಚ್ಚಿ ಬರ್ರಿ" ಅನ್ನುತ್ತಿದ್ದರು. "ಫೋಟೋ ಒಯ್ಯಾಕೆ ಬಂದೀನ್ರೀ, ಸೂಜಿ ಚುಚ್ಚಿಸ್ಕೊಳ್ಳಾಕಲ್ಲ!" ಎಂದು ಒಬ್ಬರು ಹೊರಟೇಹೋದರು.

ನನ್ನ ಫೋಟೋದ ಸರದಿ ಬರುವವರೆಗೆ ನಾನೂ ನಗುತ್ತಿದ್ದೆ. ಅದನ್ನು ಸೊರಬದ ಗಂಡಿನ ಮನೆಗೆ ಕಳಿಸಬೇಕಿತ್ತು. ನನ್ನದು ಕಪ್ಪು ಬಣ್ಣ. ಅಮ್ಮ ಬೇರೆ ಕಡೆ ಬೆಳ್ಳಗೆ ಮಾಡಿಸಿದ್ದ ಫೋಟೋ ನೋಡಿ ಬಂದ ಎರಡು ಮನೆಯವರು, ನನ್ನನ್ನು ನೋಡಿದ ಮೇಲೆ ಕಾಫಿ ಕುಡಿದು ಎದ್ದು ಹೋಗಿದ್ದರು.

ಮಾವ ತಟ್ಟೆ ಸರಿಸಿ, ಪರದೆಯ ಪಕ್ಕ ನನ್ನ ಕೈ ಇಡಿಸಿಕೊಂಡರು. ಬೆಳಗ್ಗೆ ಕೂತವರು ಮಧ್ಯಾಹ್ನವಾದರೂ ಏಳಲಿಲ್ಲ. ಅಮ್ಮನಿಗೆ ತಡೆಯಲಾಗಲಿಲ್ಲ.

"ಲೋ, ಒಂಚೂರು ಬೆಳ್ಳಗೆ ಮಾಡಿದ್ರೆ ನಿನ್ನ ಗಂಟೇನೋ ಹೋಗೋದು?"

"ಸುಮ್ನಿರಕ್ಕ. ಎರಡು ಸಲಾನೂ ಅವರು ಎದ್ದು ಹೋದ ಮೇಲೆ ಇವಳು ಹಿತ್ತಲಾಗೆ ನಿಂತು ಅತ್ತಿದ್ದು ನಾನು ನೋಡೀನಿ. ಮೂರನೇ ಸಲ ಬ್ಯಾಡ."

ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ನನಗೆ ತಲೆ ಎತ್ತಲಾಗಲಿಲ್ಲ.

ಸೊರಬದವರು ಬಂದರು. ಗಂಡಿನ ತಾಯಿ ಫೋಟೋ ನೋಡಿದರು, ನನ್ನನ್ನು ನೋಡಿದರು. "ಫೋಟೋದಲ್ಲಿದ್ದ ಹಾಗೇ ಇದಾಳಲ್ರೀ! ಈ ಮುಖ ನೋಡಿ ಇಷ್ಟವಾಗೇ ಬಂದಿದ್ದು ನಾವು" ಅಂದು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

ಕಣ್ಣು ತುಂಬಿಬಂತು. ಲೋಟ ಇಡುವ ನೆಪ ಮಾಡಿ ಹಿತ್ತಲಿಗೆ ಓಡಿದೆ. ಅಲ್ಲಿ ನನಗಿಂತ ಮೊದಲೇ ಮಾವ, ಗೋಡೆಯ ಕಡೆ ತಿರುಗಿ ನಿಂತು, ಟವೆಲ್ಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.