ಮನೆಯಲ್ಲೇ ಇದ್ದ ಬಗ್ಗೆ ಪ್ರಮಾಣಪತ್ರ

ಮನೆಯಲ್ಲಿರುವವರು ಮನೆಯಲ್ಲಿದ್ದಾರೆ ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಅವರು ಮನೆಯಲ್ಲಿ ಇರುವುದಿಲ್ಲ. ಊರಿಗಾಂನ ಗೃಹೋಪಸ್ಥಿತಿ ದೃಢೀಕರಣ ಕಚೇರಿಯ ಗೋಡೆಯ ಮೇಲೆ ಇದನ್ನು ಹಸಿರು ಬಣ್ಣದಲ್ಲಿ ಬರೆಸಲಾಗಿದೆ.

ಟೀವಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಬರುವ ‘ಕೂತಲ್ಲೇ ಗೆಲ್ಲಿ’ ಆಟಕ್ಕೆ ಮನೆಯಲ್ಲಿ ಕೂತ ವೀಕ್ಷಕರೂ ಮೊಬೈಲಿನಲ್ಲಿ ಉತ್ತರ ಒತ್ತಬಹುದು. ಬಹುಮಾನ ವಾಷಿಂಗ್ ಮೆಷಿನ್. ಗಣಿ ಕೂಲಿಗಳ ಸಾಲುಮನೆಯಾದ ಲೈನ್ ಮನೆಯ ಮುನಿಲಕ್ಷ್ಮಿಗೆ ಅದು ಬೇಕೇ ಬೇಕಿತ್ತು. ಗಾರೆ ಕೆಲಸದ ಸಿಮೆಂಟಿಗೆ ಕೈಯೆಲ್ಲ ಒಡೆದು, ಕೆಲಸ ಬಿಟ್ಟು ಕೂತಿದ್ದಳು. ಸೋಪಿನ ನೀರು ಸೋಕಿದರೆ ಜೀವ ಹೋಗಿ ಬರುತ್ತಿತ್ತು. ಗಂಡ ಪೆರುಮಾಳನ ಪ್ಯಾಂಟು ಕಂಡರೇ ಅವಳಿಗೆ ಅಳು.

ಮೂರು ದಿನ ಸರಿಯುತ್ತರ ಕೊಟ್ಟಳು. ಮೂರು ದಿನವೂ ಚಾನೆಲ್ಲಿನವರು, ಮನೆಯಿಂದಲೇ ಆಡಿದ್ದಕ್ಕೆ ಪ್ರಮಾಣಪತ್ರವಿಲ್ಲವೆಂದು ಅವಳನ್ನು ಕೈಬಿಟ್ಟರು. ಕಚೇರಿಗೆ ಹೋದರೆ ಗುಮಾಸ್ತ ರಾಮಚಂದ್ರಪ್ಪ ನಿಯಮ ಓದಿದರು: ಅರ್ಜಿದಾರರು ಆಟ ನಡೆಯುವ ಹೊತ್ತಿನಲ್ಲೇ ಕಚೇರಿಗೆ ಖುದ್ದು ಹಾಜರಾಗಿ, ತಾವು ಮನೆಯಲ್ಲಿರುವುದಾಗಿ ಸಹಿ ಮಾಡತಕ್ಕದ್ದು.

“ಇಲ್ಲಿಗೆ ಬಂದ್ರೆ ಮನೇಲಿ ಎಂಗಿರ್ಲಿ ಸಾರ್?”

“ಅದಕ್ಕೇ ಇದುವರೆಗೆ ಒಬ್ಬರಿಗೂ ಕೊಟ್ಟಿಲ್ಲಮ್ಮ,” ಎಂದರು ರಾಮಚಂದ್ರಪ್ಪ. ಆ ದಾಖಲೆ ಮುರಿಯಬಾರದೆಂದು ಅವರಿಗೆ ಆಸೆಯಿತ್ತು.

ಮುನಿಲಕ್ಷ್ಮಿ ಬಿಡುವವಳಲ್ಲ. ಮಾರನೆಯ ದಿನ ಹನ್ನೆರಡಕ್ಕೆ ಸರಿಯಾಗಿ ಅಧಿಕಾರಿ ಜಯರಾಮಪ್ಪನವರ ಕೋಣೆಗೆ ಹೋಗಿ, ಗಂಡನನ್ನೂ ಅವನ ಪ್ಯಾಂಟನ್ನೂ ಬೈಯುತ್ತಾ ನೆಲದ ಮೇಲೆ ಕೂತುಬಿಟ್ಟಳು. ಅಲ್ಲಿನ ಟೀವಿಯಲ್ಲಿ ಅದೇ ಆಟ. ಸಿಬ್ಬಂದಿಯೆಲ್ಲ ಉತ್ತರ ಒತ್ತುತ್ತಿದ್ದರು. ಜಯರಾಮಪ್ಪ ಕರುಣಾಳು. ಅವಳ ಬರಿಗಾಲು ನೋಡಿ ಚಪ್ಪಲಿ ಎಲ್ಲೆಂದು ಕೇಳಿದರು.

“ಬಾಗ್ಲಾಚೆ ಬಿಟ್ಟಿವ್ನಿ ಸಾರ್. ಆಫೀಸರ್ ರೂಮಿಗೆ ಆಕ್ಕೊಂಡು ಬರೋದುಂಟಾ?”

ಜಯರಾಮಪ್ಪ ಯೋಚನೆಗೆ ಬಿದ್ದರು. ಜನ ಚಪ್ಪಲಿ ಹೊರಗೆ ಬಿಡುವುದು ದೇವಸ್ಥಾನಕ್ಕೆ, ಇಲ್ಲವೇ ಮನೆಗೆ. ಇಲ್ಲಿ ಮಂಗಳಾರತಿ ಆಗುತ್ತದೆಯೇ ಎಂದು ವಿಚಾರಿಸಿದರು. ತನಗೆ ದಿನವೂ ಆಗುತ್ತದೆ, ಆದರೆ ಕಡತದಲ್ಲಿಲ್ಲ ಎಂದರು ರಾಮಚಂದ್ರಪ್ಪ. ಹಾಗಾದರೆ ಮನೆಯೇ. ಕೂಡಲೇ ಮಹಜರು ಬರೆಯಲಾಯಿತು: ‘ಸದರಿ ಮಹಿಳೆಯು ಚಪ್ಪಲಿಯನ್ನು ಹೊರಗೆ ಬಿಟ್ಟು, ನೆಲದ ಮೇಲೆ ಕೂತು, ಟೀವಿ ನೋಡುತ್ತಾ ಗಂಡನನ್ನು ಬೈಯುತ್ತಿದ್ದುದು ಕಂಡುಬಂದಿರುವುದರಿಂದ, ಸದರಿ ಕಚೇರಿಯು ಸದರಿಯವಳ ಮನೆ ಎಂದು ಸಾಬೀತಾಗಿದೆ.’ ಅವಳು ಸಹಿ ಹಾಕಿದಳು, ಪ್ರಮಾಣಪತ್ರ ಕೈಗೆ ಬಂತು.

ಹಾಲಿನಿಂದ ಮಾಡದ ಪದಾರ್ಥ ಯಾವುದೆಂದು ಟೀವಿ ಕೇಳಿತು. ಸಿಬ್ಬಂದಿ ಬಹುಮತದಿಂದ ಮಜ್ಜಿಗೆ ಎಂದು ತೀರ್ಮಾನಿಸಿತು. ಮುನಿಲಕ್ಷ್ಮಿ ಸುಣ್ಣ ಎಂದು ಒತ್ತಿ ಗೆದ್ದಳು.

ಎಂಟನೆಯ ದಿನ ಮೆಷಿನ್ನು ಪ್ರಮಾಣಪತ್ರದ ವಿಳಾಸಕ್ಕೆ, ಅಂದರೆ ಕಚೇರಿಗೆ, ಬಂದಿಳಿಯಿತು. ಸಾಗಿಸಲು ಅವಳು ಲಗೇಜ್ ಆಟೋ ತಂದಳು. ಜಯರಾಮಪ್ಪನವರಿಗೆ ನಿಜಕ್ಕೂ ಗಾಬರಿಯಾಯಿತು.

“ನಿನ್ನ ಮನೆಯ ವಸ್ತುವನ್ನು ಮನೆ ಬಿಟ್ಟು ಎಲ್ಲಿಗಮ್ಮ ಒಯ್ಯುತ್ತೀಯ? ಇದು ನಿನ್ನ ಮನೆಯಲ್ಲ ಅಂತಾದರೆ ಬಹುಮಾನವೂ ವಾಪಸ್ಸು.”

ಮುನಿಲಕ್ಷ್ಮಿ ಮೆಷಿನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. ಆಟೋ ಕಳಿಸಿಬಿಟ್ಟಳು.

ಕಡತದ ಕೋಣೆಯ ನಲ್ಲಿಯ ಪಕ್ಕ ಮೆಷಿನ್ನು ನಿಂತಿತು. ಅವಳು ದಿನಾ ಹತ್ತಕ್ಕೆ ಬಟ್ಟೆ ಗಂಟು ಹೊತ್ತು ಬರತೊಡಗಿದಳು. ಪೆರುಮಾಳನ ಪ್ಯಾಂಟಿನ ಜೊತೆಗೆ ರಾಮಚಂದ್ರಪ್ಪನವರ ಷರ್ಟು ಸೇರಿತು, ಆಮೇಲೆ ಜಯರಾಮಪ್ಪನವರ ಬೆಡ್‌ಶೀಟು. ಮನೆಮಂದಿಯ ಬಟ್ಟೆ ಒಗೆಯುವುದು ಗೃಹಿಣಿಯ ಹೊಣೆ, ಸಿಬ್ಬಂದಿಯೆಲ್ಲ ಮನೆಮಂದಿ ಎಂದು ಸುತ್ತೋಲೆಯೂ ಹೊರಟಿತು. ಅವಳ ಕೈಯಂತೂ ವಾಸಿಯಾಯಿತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ವೆಂಕಟರತ್ನಮ್ಮ ಅವಳನ್ನು ಹುಡುಕಿಕೊಂಡು ಲೈನ್ ಮನೆಗೆ ಬಂದಳು. ಪೆರುಮಾಳ್ ಬಾಗಿಲಲ್ಲಿ ಬೀಡಿ ಸೇದುತ್ತಿದ್ದ.

“ಮನೆಗೆ ಓಗವ್ಳೆ ಅಕ್ಕ. ಐದೂವರೆ ಮೇಲೆ ಇಲ್ಲಿಗೆ ಬತ್ತಾಳೆ.”

“ಸರಿ ಬುಡಪ್ಪ, ಮನೇಲೇ ನೋಡ್ಕಂತೀನಿ,” ಎಂದು ವೆಂಕಟರತ್ನಮ್ಮ ತನ್ನ ಬಟ್ಟೆ ಗಂಟು ಎತ್ತಿಕೊಂಡು ಕಚೇರಿಯ ದಾರಿ ಹಿಡಿದಳು.