ಹಲಗೆಯ ಮೇಲೆ ಎರಡು ಹಿಟ್ಟು

ಬೆಳಗಿನ ತಿಂಡಿಗೆ ಎತೆಲ್ಕಾ ಸೇಬು ತುಂಬಿದ ಸುರುಳಿ ಮಾಡಿದ್ದಳು. ಅದರ ಹಾಳೆ ಎಷ್ಟು ತೆಳುವಾಗಿತ್ತೆಂದರೆ ಅಡಿಯಲ್ಲಿ ಪತ್ರವಿಟ್ಟು ಓದಬಹುದಿತ್ತು. ಗಿರಣಿಯ ಯಜಮಾನ ಗಾಲ್ ವೆಂದೆಲ್ ಎರಡು ತುಂಡು ಮುಗಿಸಿ ಮೂರನೆಯದನ್ನು ಬಾಯಿಗಿಡುತ್ತ ಹೆಂಡತಿಯ ಕಡೆ ನೋಡಿದ.

"ನೋಡ್ದ್ಯಾ? ಇದು ಕಲ್ಲಿನ ಮಹಿಮೆ! ನಮ್ಮಪ್ಪನ ಕಾಲದ ಬೀಸುಗಲ್ಲು. ಪಕ್ಕದ ಅಂಬ್ರುಶ್‌ನ ಕಬ್ಬಿಣದ ಉರುಳೆ ಏಳು ಜನ್ಮ ಎತ್ತಿದ್ರೂ ಇಂಥಾ ಹಿಟ್ಟು ಕೊಡಲ್ಲ."

"ಅದು ಅಂಬ್ರುಶ್‌ನ ಹಿಟ್ಟೇ ಕಣ್ರೀ," ಎಂದಳು ಎತೆಲ್ಕಾ. "ನಿಮ್ಮ ಹಿಟ್ಟು ಎಳೆದ್ರೆ ಹರಿದು ಹೋಗುತ್ತೆ. ಮೂರು ತಿಂಗಳಿಂದ ಅಲ್ಲಿಂದ್ಲೇ ತರ್ತಿದೀನಿ."

ಬಾಯಲ್ಲಿದ್ದ ತುಂಡು ಬಿಸಿತುಪ್ಪವಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೊನೆಗೆ ನುಂಗಿಯೇ ಬಿಟ್ಟ, ರುಚಿಯಾಗಿತ್ತಲ್ಲ. ಅದೇ ಅವನ ಹೊಟ್ಟೆಗೆ ಬೆಂಕಿ ಇಟ್ಟದ್ದು.

ಅಂಬ್ರುಶ್ ಕೆಟ್ಟವನಾಗಿದ್ದರೆ ಒಂದು ಸಮಾಧಾನವಿರುತ್ತಿತ್ತು. ಎರಡು ವರ್ಷದ ಹಿಂದೆ ಪೆಸ್ಟ್ ನಗರದಿಂದ ಉರುಳೆ ಯಂತ್ರ ತಂದು ಮೊಹಾಚ್ ಊರಿನ ಅರ್ಧ ಗಿರಾಕಿಗಳನ್ನು ಎಳೆದುಕೊಂಡಿದ್ದ ಆ ಹುಡುಗುಬುದ್ಧಿಯ ಮನುಷ್ಯ, ದಾರಿಯಲ್ಲಿ ಸಿಕ್ಕಾಗಲೆಲ್ಲ ಟೋಪಿ ತೆಗೆದು "ಚೆನ್ನಾಗಿದೀರಾ ವೆಂದೆಲಣ್ಣ?" ಎಂದು ಕೇಳುತ್ತಿದ್ದ. ಅಂಥವನನ್ನು ದ್ವೇಷಿಸುವುದು ಎಷ್ಟು ಕಷ್ಟದ ಕೆಲಸ! ವೆಂದೆಲ್ ಅದನ್ನು ದಿನವೂ ಶ್ರದ್ಧೆಯಿಂದ ಮಾಡುತ್ತಿದ್ದ.

ಅವತ್ತೇ ಮಧ್ಯಾಹ್ನ ರೊಟ್ಟಿಗಾರರ ಸಂಘದ ಪರೀಕ್ಷೆಯಿತ್ತು. ಸಂತ ಸ್ಟೀಫನ್ ಹಬ್ಬಕ್ಕೆ ಹೊಸ ಗೋಧಿಯಲ್ಲಿ ಸುಡುವ ರೊಟ್ಟಿಗೆ ಯಾರ ಹಿಟ್ಟು ಗೆಲ್ಲುತ್ತದೋ, ಊರಿನ ಹನ್ನೊಂದು ಭಟ್ಟಿಗಳಿಗೂ ವರ್ಷವಿಡೀ ಅವನದೇ ಹಿಟ್ಟು. ಸೋತವನ ಗಿರಣಿಗೆ ಇಲಿಗಳೂ ಬರುವುದಿಲ್ಲ. ಮೂರು ದಿನದ ಹಿಂದೆಯೇ ಇಬ್ಬರ ಹಿಟ್ಟನ್ನೂ ಚಿಕ್ಕ ಚೀಲದಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ಹೆಸರಿನ ಚೀಟಿ ಕಟ್ಟಿ ಸಂಘದ ಹಿರಿಯ ಒರ್ಬಾನ್ ತನ್ನ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದ. ಮುದ್ರೆ ಚೀಲದ ಬಾಯಿಗಿತ್ತು. ಚೀಟಿ ಮಾತ್ರ ಬರೀ ದಾರದಲ್ಲಿ ನೇತಾಡುತ್ತಿತ್ತು.

ಒರ್ಬಾನ್ ಭಟ್ಟಿಯ ಮುಂದೆ ಬೇಯುತ್ತಿದ್ದ ಹೊತ್ತು ನೋಡಿ ವೆಂದೆಲ್ ಅವನ ಹಿತ್ತಿಲಿಗೆ ಕಾಲಿಟ್ಟ. ಬೇಲಿಯಾಚೆಯಿಂದ ವಿಧವೆ ಹೆರ್ಮಿನಾಳ ತಲೆ ಎದ್ದಿತು. ಆ ಬೀದಿಯಲ್ಲಿ ಅವಳಿಗೆ ತಿಳಿಯದೆ ಕೋಳಿ ಮೊಟ್ಟೆಯಿಡುತ್ತಿರಲಿಲ್ಲ.

"ಏನ್ ವೆಂದೆಲಣ್ಣ, ಇಲ್ಲಿ?"

"ಬೆಕ್ಕು... ನಮ್ಮ ಬೆಕ್ಕು ಹುಡುಕ್ತಿದೀನಿ."

"ನಿಮ್ಮನೇಲಿ ಬೆಕ್ಕೇ ಇಲ್ವಲ್ಲ?"

"ಇಲ್ದೆ ಇರೋದಕ್ಕೇ ತಾನೇ ಹುಡುಕ್ತಿರೋದು!"

ಹೆರ್ಮಿನಾಗೆ ಈ ಮಾತು ನ್ಯಾಯವೆನ್ನಿಸಿತು. ಬೀದಿಯ ಹೆಂಗಸರನ್ನೆಲ್ಲ ಕೂಗಿದಳು. ಐದೇ ನಿಮಿಷದಲ್ಲಿ ಆರು ಜನ ಒರ್ಬಾನ್‌ನ ಹಿತ್ತಿಲಲ್ಲಿ ಬಗ್ಗಿ "ಪುಸ್ಸ್ ಪುಸ್ಸ್" ಎನ್ನುತ್ತಿದ್ದರು. ವೆಂದೆಲ್ "ಒಳಗೂ ನೋಡ್ತೀನಿ" ಎಂದು ಅಡುಗೆಮನೆಗೆ ನುಗ್ಗಿದ. ಗಂಟು ಬಿಚ್ಚಿ, ಆ ಚೀಟಿ ಇದಕ್ಕೆ, ಈ ಚೀಟಿ ಅದಕ್ಕೆ ಕಟ್ಟಿದ. ಬೇರೆ ಕಳ್ಳನಾಗಿದ್ದರೆ ಕೈಗೆ ಹತ್ತಿದ ಹಿಟ್ಟೇ ಹಿಡಿದುಕೊಡುತ್ತಿತ್ತು. ಗಿರಣಿಯವನ ಕೈಯ ಹಿಟ್ಟನ್ನು ಯಾರು ಅನುಮಾನಿಸುತ್ತಾರೆ?

ಹೊರಗೆ ಬಂದರೆ ಹೆರ್ಮಿನಾ ಎಲ್ಲಿಂದಲೋ ಹಿಡಿದ ಕೆಂಪು ಗಡವ ಬೆಕ್ಕೊಂದನ್ನು ಅವನ ಎದೆಗೆ ಒತ್ತಿದಳು. "ಸಿಕ್ತು ನೋಡಿ! ಬಿಡಬೇಡಿ ಮತ್ತೆ."

ಬಿಡುವಂತಿರಲಿಲ್ಲ. ಮಧ್ಯಾಹ್ನ ಇಡೀ ಊರು ನೆರೆದ ಸಂಘದ ಅಂಗಳದಲ್ಲಿ ವೆಂದೆಲ್ ಬೆಕ್ಕನ್ನು ತಬ್ಬಿಕೊಂಡು, ಪರಚಿಸಿಕೊಳ್ಳುತ್ತ, ನಗುತ್ತ ನಿಂತಿದ್ದ. ಎತೆಲ್ಕಾ ಗಂಡನನ್ನೂ ಬೆಕ್ಕನ್ನೂ ನೋಡಿ ಬೇರೆ ಕಡೆ ಮುಖ ತಿರುಗಿಸಿಕೊಂಡಳು.

ಒರ್ಬಾನ್ ಮುದ್ರೆ ಒಡೆದ. ಎರಡೂ ಹಿಟ್ಟನ್ನು ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಹರಡಿ, ಚಪ್ಪಟೆಯಾಗಿ ಒತ್ತಿದ. ಒದ್ದೆಯಾಗುವ ಮೊದಲು ಎರಡೂ ಅಣ್ಣತಮ್ಮಂದಿರಂತೆ ಕಂಡವು. ಹಲಗೆಯನ್ನು ಓರೆಯಾಗಿ ನೀರಿನ ತೊಟ್ಟಿಗೆ ಇಳಿಸಿ, ಹತ್ತರವರೆಗೆ ಎಣಿಸಿ, ಮೇಲಕ್ಕೆತ್ತಿದ. ವೆಂದೆಲ್ ಹೆಸರಿನ ಹಿಟ್ಟು ಹಾಲಿನಂತೆ ಹೊಳೆಯುತ್ತಿತ್ತು. ಅಂಬ್ರುಶ್ ಹೆಸರಿನದು ಗೋಣಿತಾಟಿನ ಬಣ್ಣಕ್ಕೆ ತಿರುಗಿತ್ತು.

"ನಾನು ಚೀಲಕ್ಕೆ ತುಂಬೋವಾಗ ಬಿಳೀನೇ ಇತ್ತಲ್ಲ..." ಅಂಬ್ರುಶ್ ಹಲಗೆಯ ಹತ್ತಿರ ಬಗ್ಗಿ ನೋಡಿದ.

"ಒಣ ಹಿಟ್ಟು ಎಲ್ಲಾರ್ದೂ ಬಿಳೀನೇ ಕಣಪ್ಪ," ಎಂದ ಒರ್ಬಾನ್. "ಹೆತ್ತವರಿಗೆ ಹೆಗ್ಗಣ ಮುದ್ದು. ಹೊಟ್ಟು ಉಳಿದಿದ್ರೆ ನೀರಲ್ಲಿ ಮಂಕಾಗೇ ಆಗುತ್ತೆ, ನೀರು ಯಾರ ಮುಲಾಜೂ ನೋಡಲ್ಲ."

ಜನ ಕೂಗಿದ ಕೂಗಿಗೆ ಬೆಕ್ಕು ಜಿಗಿದು ಓಡಿತು. ಎತೆಲ್ಕಾ ಗಂಡನನ್ನು ಮದುವೆಯ ದಿನ ನೋಡಿದ ಹಾಗೆ ನೋಡಿದಳು. ಪ್ಲಮ್ ಹಣ್ಣಿನ ಸಾರಾಯಿ ಬಂತು. ನಾಲ್ಕನೆಯ ಲೋಟಕ್ಕೆ ವೆಂದೆಲ್‌ನ ಹೃದಯ ದೊಡ್ಡದಾಯಿತು. ಮೂಲೆಯಲ್ಲಿ ಕೂತಿದ್ದ ಅಂಬ್ರುಶ್‌ನ ಬೆನ್ನು ತಟ್ಟಿದ.

"ಬೇಜಾರ್ ಮಾಡ್ಕೋಬೇಡಪ್ಪ. ಕಬ್ಬಿಣ ಯಾವತ್ತಿದ್ರೂ ಕಬ್ಬಿಣಾನೇ. ಹಿರಿಯನಾಗಿ ಹೇಳ್ತೀನಿ, ಅದನ್ನ ಮಾರಿಬಿಡು."

"ನಿಮ್ಮ ಮಾತು ಮೀರಲ್ಲ ವೆಂದೆಲಣ್ಣ," ಎಂದು ಅಂಬ್ರುಶ್ ಕಣ್ಣೊರೆಸಿಕೊಂಡು ಎದ್ದು ಹೋದ.

ಎರಡು ಗಂಟೆಯ ನಂತರ ಒರ್ಬಾನ್ ಬಂದು ಪಕ್ಕದಲ್ಲಿ ಕುಳಿತ. "ನಾಳೆಯಿಂದ ದಿನಕ್ಕೆ ಇಪ್ಪತ್ತು ಮೂಟೆ. ಹಬ್ಬದ ರೊಟ್ಟಿ ಆಶೀರ್ವದಿಸೋಕೆ ಬಿಷಪ್ಪರೇ ಬರ್ತಾರೆ. ಚೀಲದಲ್ಲಿ ಉಳಿದಿರೋ ನಿನ್ನ ಹಿಟ್ಟು ನನ್ನ ಹತ್ರಾನೇ ಇರುತ್ತೆ. ಒಂದೊಂದು ಮೂಟೆಯಿಂದ್ಲೂ ಒಂದು ಹಿಡಿ ತೆಗೆದು ಅದರ ಪಕ್ಕದಲ್ಲಿಟ್ಟು ಮುಳುಗಿಸ್ತೀನಿ. ಒಂದು ಚೂರು ಮಂಕಾದ್ರೂ ಊರ ಮುಂದೇನೇ ವಾಪಸ್!"

ನಾಲ್ಕು ಲೋಟದ ಅಮಲು ಸರ್ರನೆ ಇಳಿಯಿತು. ಸರಿ, ಹಿಂಬಾಗಿಲಿಂದ ಅಂಬ್ರುಶ್‌ನ ಹಿಟ್ಟನ್ನೇ ತಂದು ತನ್ನ ಮೂಟೆಗೆ ತುಂಬಿದರಾಯಿತು, ಪಾಪದವನು, ಇಲ್ಲವೆನ್ನುವುದಿಲ್ಲ ಎಂದುಕೊಂಡು ವೆಂದೆಲ್ ಅವನ ಗಿರಣಿಗೆ ಓಡಿದ. ಒಳಗೆ ಯಂತ್ರ ಕೂರಿಸಿದ್ದ ಜಾಗದ ನೆಲದಲ್ಲಿ ನಾಲ್ಕು ತೂತುಗಳಷ್ಟೇ ಇದ್ದವು. ಅವನ್ನು ನೋಡುತ್ತ ಹೆರ್ಮಿನಾ ನಿಂತಿದ್ದಳು.

"ನೀವು ಹೇಳಿದ್ದೇ ತಡ, ಮಾರೇಬಿಟ್ಟ! ಪರೀಕ್ಷೆ ನೋಡೋಕೆ ಅಪಾತಿನ್ ಊರಿನ ಗಿರಣಿಯವನೊಬ್ಬ ಬಂದಿದ್ದ. ಉರುಳೆಗೆ ಅಂಟಿದ್ದ ಹಿಟ್ಟನ್ನ ಬೆರಳಲ್ಲಿ ಒರೆಸಿ, ಒದ್ದೆ ಮಾಡಿ ನೋಡ್ದ. ತುಟಿ ಪಿಟಕ್ ಅನ್ಲಿಲ್ಲ. ಉರುಳೆ, ಇದ್ದ ಮೂಟೆ, ಜೊತೆಗೆ ಅಂಬ್ರುಶ್‌ನನ್ನೂ ಕೆಲಸಕ್ಕೆ ಅಂತ ಹಡಗು ಹತ್ತಿಸ್ಕೊಂಡ."

ಅಷ್ಟರಲ್ಲಿ ಹಬೆ ಹಡಗಿನ ಸೀಟಿ ಕೇಳಿಸಿತು. ವೆಂದೆಲ್ ಹೊಳೆಯ ಕಡೆಗೆ ಬಿದ್ದಂಬೀಳ ಓಡಿದ. ಹಡಗು ಆಗಲೇ ದಡ ಬಿಟ್ಟಿತ್ತು. ಕೆಸರಲ್ಲಿ ಮೊಣಕಾಲವರೆಗೆ ಹೂತುಕೊಳ್ಳುತ್ತ, ಎದೆ ಬಡಿದುಕೊಳ್ಳುತ್ತ ದಡದುದ್ದಕ್ಕೂ ಓಡಿದ.

"ಅಂಬ್ರುಶ್! ಹೋಗ್ಬೇಡ್ವೋ! ನೀನಿಲ್ದಿದ್ರೆ ನಾನು ಸತ್ತೆ ಕಣೋ!"

ದಡದ ಮೇಲಿದ್ದ ಹೆಂಗಸರು ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿ ಕಣ್ಣಿಗೊತ್ತಿಕೊಂಡರು. "ಎಂಥಾ ಮನಸ್ಸು ನೋಡ್ರಮ್ಮ," ಎಂದಳು ಏದುಸಿರು ಬಿಡುತ್ತ ಬಂದ ಹೆರ್ಮಿನಾ. "ಸೋತವನಿಗೋಸ್ಕರ ಗೆದ್ದವನು ಅಳೋದನ್ನ ಎಲ್ಲಾದ್ರೂ ಕಂಡಿದೀರಾ?"

ಅಂಬ್ರುಶ್ ಹಡಗಿನ ಅಂಚಿಗೆ ಬಂದು ಟೋಪಿ ತೆಗೆದು ಬೀಸಿದ. ಅವನ ಕೆನ್ನೆಯೂ ಒದ್ದೆಯಾಗಿತ್ತು.

"ಅಳಬೇಡಿ ವೆಂದೆಲಣ್ಣಾ! ಖುಷಿಯಾಗಿರಿ! ಇನ್ಮೇಲೆ ಈ ಊರಿಗೆ ನಿಮ್ಮ ಹಿಟ್ಟೊಂದೇ ಗತಿ!"