ಮಾಲ್ಟಾದ ಎಡಗಡೆ ಗಡಿಯಾರ

ಒಂದು ಊರಲ್ಲಿ ಕಾಲು ನಿಲ್ಲದವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಇರುವ ಊರಿನ ಬಗ್ಗೆ ಅವನನ್ನು ಯಾರೂ ಕೇಳುವುದಿಲ್ಲ, ಬಿಟ್ಟು ಬಂದ ಊರಿನ ಬಗ್ಗೆಯೇ ಕೇಳುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದಿಂದ ಹೊರಟ ನಾನು ಹೋಟೆಲು, ಹಡಗು, ಮತ್ತೆ ಹೋಟೆಲು ಅಂತ ಸುತ್ತಿ, ಹದಿನಾಲ್ಕು ತಿಂಗಳು ಮಾಲ್ಟಾದಲ್ಲಿದ್ದು, ಈಗ ಸಿಂಗಾಪುರದಲ್ಲಿದ್ದೇನೆ. ಅಲ್ಲಿ ನನ್ನನ್ನು ‘ಇಂಡಿಯಾ’ ಅಂತ ಕರೆಯುತ್ತಿದ್ದರು. ಇಲ್ಲಿ ‘ಮಾಲ್ಟಾ ಅಂಕಲ್’. ಸಿಂಗಾಪುರದವನು ಅನ್ನಿಸಿಕೊಳ್ಳಬೇಕಾದರೆ ಇಲ್ಲಿಂದಲೂ ಹೋಗಬೇಕೇನೋ.

ಬಾಗಿಲಲ್ಲಿ

ನನ್ನ ಕೆಲಸ ಕಾಕಿ ಬುಕಿತ್‌ನ ಒಂದು ಗೋಡೌನಿನಲ್ಲಿ. ಚೀಸು, ಉಪ್ಪುನೀರಲ್ಲಿ ಹಾಕಿದ ಆಲಿವ್ ಕಾಯಿ, ಇಂಥವನ್ನೆಲ್ಲ ವ್ಯಾನಿನಲ್ಲಿ ಮನೆಮನೆಗೆ ಮುಟ್ಟಿಸುವುದು. ಒಂದು ದಿನ ಬ್ಯೂನಾ ವಿಸ್ಟಾದ ಕಾಂಡೋ ಅನ್ನುವ ದೊಡ್ಡ ಅಪಾರ್ಟ್‌ಮೆಂಟಿನ ಒಂದು ಮನೆ ಬಾಗಿಲಲ್ಲಿ ಡಬ್ಬಿಯ ಮುಚ್ಚಳ ಸಡಿಲಾಗಿ ಉಪ್ಪುನೀರು ಅಂಗಿಯ ಮೇಲೆ ಸುರಿಯಿತು. “ಅಯ್ಯೋ ಶನಿಯೇ” ಅಂದೆ.

ಬಾಗಿಲು ತೆಗೆದ ಹೆಂಗಸಿನ ಮುಖ ಅರಳಿತು. “ಕನ್ನಡದವ್ರಾ? ಬನ್ನಿ ಬನ್ನಿ. ಊಟ ಆಯ್ತಾ?”

“ಆಯ್ತು ಮೇಡಂ.”

ಆಗಿರಲಿಲ್ಲ. ನಮ್ಮ ಕಡೆ ಈ ಪ್ರಶ್ನೆ ಕೇಳಿದರೆ ಬಾಯಿ ಹೊಟ್ಟೆಯನ್ನು ವಿಚಾರಿಸದೆ ಉತ್ತರ ಕೊಟ್ಟುಬಿಡುತ್ತದೆ. ಒಳಗಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ನಾನು ಒಂದು ಮನೆಯ ಮೇಜಿನ ಮುಂದೆ ಕೂತು ಉಂಡು ಆರು ವರ್ಷವಾಗಿತ್ತು. ಸಾರು ಇಲ್ಲಿನ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲೂ ಸಿಗುತ್ತದೆ. “ಇನ್ನೊಂದು ಸೌಟು ಹಾಕಿಸ್ಕೊಳ್ಳಿ” ಅನ್ನುವವರು ಅಲ್ಲಿ ಸಿಗುವುದಿಲ್ಲ. ನನಗೆ ಬೇಕಾಗಿದ್ದುದು ಅಷ್ಟೇ.

ಮಾತಿನ ಮಧ್ಯೆ ಮಾಲ್ಟಾ ಹೆಸರು ಬಂತು. ಮೇಡಂ ಕುಣಿದೇಬಿಟ್ಟರು. “ನಾವು ನಾಲ್ಕು ಫ್ಯಾಮಿಲಿ ಅಲ್ಲಿಗೇ ಟಿಕೆಟ್ ಬುಕ್ ಮಾಡಿದೀವಿ! ಶನಿವಾರ ಬಂದು ಹಿಸ್ಟರಿ, ಫುಡ್ಡು ಎಲ್ಲಾ ಒಂದು ಇಂಟ್ರೊಡಕ್ಷನ್ ಕೊಡಿ.”

ಏಳನೇ ಕ್ಲಾಸಿನಲ್ಲಿ ಇತಿಹಾಸಕ್ಕೆ ನನಗೆ ಬಂದಿದ್ದು ಹನ್ನೊಂದು ಮಾರ್ಕು. ನೂರಕ್ಕೆ.

ಇತಿಹಾಸ

ಶನಿವಾರ ಬೆಳಗಿನಿಂದ ಏನೂ ತಿನ್ನಲಿಲ್ಲ. ಕರೆದವರು ಉಣ್ಣಿಸದೆ ಕಳಿಸುತ್ತಾರೆಯೇ? ಕಾಂಡೋದ ಫಂಕ್ಷನ್ ರೂಮಿನಲ್ಲಿ ಹದಿನಾರು ಜನ ಕುರ್ಚಿ ಹಾಕಿ ಕೂತಿದ್ದರು. ನಾನು ಎದ್ದು ನಿಂತೆ.

“ಮಾಲ್ಟಾ ಸಿಂಗಾಪುರದ ಅರ್ಧವೂ ಇಲ್ಲ. ಸಮುದ್ರದ ಮಧ್ಯೆ ಇರೋದ್ರಿಂದ ದೋಣಿ ಇದ್ದವರೆಲ್ಲ ಬಂದು ಆಳಿದ್ರು. ರೋಮಿನವರು, ಅರಬರು, ಫ್ರೆಂಚರು, ಕೊನೆಗೆ ಇಂಗ್ಲಿಷರು. ಮಧ್ಯದಲ್ಲಿ ಆಸ್ಪತ್ರೆ ನಡೆಸೋ ನೈಟ್‌ಗಳು, ಅಂದ್ರೆ ಕ್ರೈಸ್ತ ಯೋಧರು, ಬಂದ್ರು. ರೋಗಿ ನೋಡ್ಕೊಂಡು, ಕತ್ತಿನೂ ಹಿಡ್ಕೊಂಡು ಇನ್ನೂರೈವತ್ತು ವರ್ಷದ ಮೇಲೆ ಇದ್ರು.”

ಮೇಡಂ ಮಗಳು, ಇಲ್ಲೇ ಬೆಳೆದು ಮಾತಿನ ಕೊನೆಗೆ ಇಲ್ಲಿನವರ ಹಾಗೆ ‘ಲಾ’ ಸೇರಿಸುವ ಕಾಲೇಜು ಹುಡುಗಿ, ಕೈ ಎತ್ತಿದಳು. “ಎಲ್ರೂ ಹೊರಗಿನವ್ರೇ ಆದ್ರೆ ಲೋಕಲ್ ಯಾರು ಲಾ, ಅಂಕಲ್?”

“ಅವರೆಲ್ಲ ತಿಂದ ತಟ್ಟೆ ತೊಳೆದವರು” ಅಂದೆ. ಆ ವಿಷಯದಲ್ಲಿ ನನಗೆ ಅನುಭವ ಇತ್ತು.

ಆಮೇಲೆ ನೈಟ್‌ಗಳು ಆ ದ್ವೀಪಕ್ಕೆ ಕೊಡುತ್ತಿದ್ದ ಬಾಡಿಗೆಯ ಕಥೆ ಹೇಳಿದೆ. ವರ್ಷಕ್ಕೆ ಒಂದು ಗಿಡುಗ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಮೇಡಂ ಗಂಡ ತಟ್ಟನೆ ನೆಟ್ಟಗೆ ಕೂತರು. ಹಿಂದಿನ ವಾರವಷ್ಟೇ ಅವರ ಕಾಂಡೋ ಬಾಡಿಗೆ ಏರಿತ್ತಂತೆ.

“ಇಡೀ ದೇಶ ಒಂದು ಗಿಡುಗಕ್ಕಾ? ಏಜೆಂಟ್ ಯಾರು?”

ಊಟೋಪಚಾರ

ತಿನಿಸಿನ ಪಾಠಕ್ಕೆಂದು ನಾನೇ ಪಾಸ್ತಿತ್ಸಿ ಮಾಡಿ ತಂದಿದ್ದೆ. ಬೂನ್ ಲೇಯಲ್ಲಿ ನಾನಿರುವ ಬಾಡಿಗೆ ಕೋಣೆಯ ಮನೆಯೊಡತಿ, ಚೀನೀ ಹೆಂಗಸು, ತನ್ನ ಓವನ್ ಬಳಸಲು ಕೊಟ್ಟಿದ್ದಳು. ಪದರ ಪದರ ಹಿಟ್ಟು, ಒಳಗೆ ಅರೆದ ಬಟಾಣಿ. ಮಾಲ್ಟಾದವರಿಗೆ ಇದಿಲ್ಲದೆ ಬೆಳಗಾಗುವುದಿಲ್ಲ ಅಂತ ವಿವರಿಸಿ, ತಟ್ಟೆ ಹಂಚಿದೆ. ಎಲ್ಲರೂ ಕಚ್ಚಿದರು. ಗಂಭೀರವಾಗಿ ಅಗಿದರು. ಮೇಡಂ ಅತ್ತೆ, ಊರಿಂದ ಬಂದ ಅಜ್ಜಿ, ತೀರ್ಪು ಕೊಟ್ಟರು: “ಇದು ನಮ್ಮ ಬಸ್ ಸ್ಟ್ಯಾಂಡ್ ಬೇಕರಿ ಪಫ್ಸ್ ಅಲ್ವೇನೋ! ಪಫ್ಸ್ ತಿನ್ನಕ್ಕೆ ಅಷ್ಟು ದೂರ ಹೋಗ್ಬೇಕಾ?”

ಅವರನ್ನು ಒಲಿಸಲು ಅಲ್ಲಿನ ದೊಡ್ಡ ಹಬ್ಬದಡುಗೆ ಮೊಲದ ಸಾರು ಅಂದೆ. ಅಜ್ಜಿ ಕಚ್ಚಿದ ಪಫ್ಸನ್ನು ಹಾಗೇ ಕೆಳಗಿಟ್ಟರು. ಬಟಾಣಿ, ಬಟಾಣಿ ಅಂತ ಪ್ರಮಾಣ ಮಾಡಿದ ಮೇಲೂ ಎತ್ತಿಕೊಳ್ಳಲಿಲ್ಲ.

ಕೊನೆಗೆ ಎಲ್ಲರೂ ಏಳುವಾಗ, ನಾನು ಕಾದಿದ್ದ ಮಾತು ಬಂತು. “ನಿಮ್ದು ಊಟ?” ಅಂದರು ಮೇಡಂ.

“ಆಯ್ತು ಮೇಡಂ, ಆಯ್ತು” ಅಂದಿತು ಬಾಯಿ. ಈ ಸಲ ಎರಡೆರಡು ಸಲ.

ಮೂವತ್ತು ಪಫ್ಸ್ ಮಾಡಿ, ಇಪ್ಪತ್ತೊಂಬತ್ತೂವರೆ ಅವರಿಗೆ ತಿನ್ನಿಸಿ, ತಟ್ಟೆ ಬಗಲಲ್ಲಿಟ್ಟುಕೊಂಡು ಎಂಆರ್‌ಟಿ ರೈಲು ಹತ್ತಿದೆ. ಉಳಿದ ಅರ್ಧ ಅಜ್ಜಿಯದು. ಬೂನ್ ಲೇ ಬರುವಷ್ಟರಲ್ಲಿ ಅದನ್ನು ನಾನೇ ಮುಗಿಸಿದೆ.

ಎರಡು ಗಡಿಯಾರ

ಅವರು ಮಾಲ್ಟಾಕ್ಕೆ ಹೊರಡುವ ಮುಂಚೆ ಇನ್ನೊಂದು ವಿಷಯ ಹೇಳಿಕೊಟ್ಟಿದ್ದೆ. ಮಾಲ್ಟಾದ ಎಷ್ಟೋ ಚರ್ಚುಗಳ ಮುಂದೆ ಎರಡು ಗಡಿಯಾರ ಇರುತ್ತವೆ. ಒಂದು ಸರಿ, ಒಂದು ಸುಳ್ಳು. ಪ್ರಾರ್ಥನೆಯ ಹೊತ್ತು ಸೈತಾನನಿಗೆ ಗೊತ್ತಾಗಬಾರದು ಅಂತ ಜನ ಹೇಳುತ್ತಾರೆ. “ನಾನು ಕೆಲಸ ಮಾಡಿದ ಹೋಟೆಲಿನ ಎದುರೇ ಅಂಥ ಚರ್ಚಿದೆ. ಎಡಗಡೆದು ಸರಿ. ಕಣ್ಣು ಮುಚ್ಚಿ ನಂಬಿ” ಅಂದಿದ್ದೆ.

ಒಂದು ಸಂಜೆ ಅಲ್ಲಿಂದ ವಿಡಿಯೋ ಕಾಲ್ ಬಂತು. ಪರದೆ ತುಂಬ ಮೇಡಂ ಗಂಡನ ಕೆಂಪು ಮುಖ. “ಏನ್ ಸ್ವಾಮಿ! ಎಲ್ರ ಫೋನೂ ಬ್ಯಾಗಲ್ಲಿ ಇಡ್ಸಿ, ಲೋಕಲ್ ಸ್ಟೈಲಲ್ಲಿ ಟೈಮ್ ನೋಡೋಣ ಅಂತ ನಿಮ್ಮ ಎಡಗಡೆದು ನಂಬ್ಕೊಂಡು ಕೂತ್ವಿ. ಬಸ್ಸು ಹೋಯ್ತು, ದೋಣಿ ಹೋಯ್ತು. ಸರಿ ಇರೋದು ಬಲಗಡೆದು!”

ಹದಿನಾಲ್ಕು ತಿಂಗಳು ದಿನಾ ನೋಡಿದ ಗಡಿಯಾರ. ಹೇಗೆ ತಪ್ಪಿತು?

ಆಮೇಲೆ ಹೊಳೆಯಿತು. ನನ್ನ ಜಾಗ ಪಾತ್ರೆ ತೊಳೆಯುವ ಸಿಂಕಿನ ಮುಂದೆ, ಬಾಗಿಲಿಗೆ ಬೆನ್ನು ಹಾಕಿ. ಹಿಂದಿನಿಂದ ಬಿಸಿ ಪಾತ್ರೆ ಹಿಡಿದು ಬರುವವರು ಕಾಣಲಿ ಅಂತ ಮಾಲೀಕ ಗೋಡೆಗೆ ಒಂದು ಕನ್ನಡಿ ಹೊಡೆದಿದ್ದ. ಬಾಗಿಲಾಚೆಯ ಚರ್ಚನ್ನು ನಾನು ನೋಡಿದ್ದು ಅದರಲ್ಲಿ. ತಿರುಗಿ ಕಾಣುವ ಮುಳ್ಳುಗಳನ್ನು ಸರಿಮಾಡಿ ಓದಲು ಕಲಿತಿದ್ದೆ, ಗಡಿಯಾರಗಳ ಎಡಬಲವೂ ತಿರುಗಿದೆ ಅನ್ನೋದು ಮಾತ್ರ ಹೊಳೆದಿರಲಿಲ್ಲ. ಕೆಲಸ ಮುಗಿದರೆ ಹಿತ್ತಿಲ ಬಾಗಿಲಿಂದ ಕೋಣೆಗೆ.

ಒಂದು ದೇಶದಲ್ಲಿ ಹದಿನಾಲ್ಕು ತಿಂಗಳಿದ್ದು, ಅದರ ಎಡಬಲವೂ ಗೊತ್ತಿಲ್ಲದೆ ವಾಪಸ್ ಬಂದವನು ಹದಿನಾರು ಜನರಿಗೆ ದಾರಿ ತೋರಿಸಿದ್ದೆ.

ಮೂರನೇ ಸಲ

ಅವರು ವಾಪಸ್ ಬಂದ ಭಾನುವಾರ ಫೋನ್ ಬಂತು. “ಒಂದೂವರೆಗೆ ಮನೆಗೆ ಬನ್ನಿ, ಫೋಟೋ ನೋಡೋಣ.” ಬೂನ್ ಲೇಯಿಂದ ಬ್ಯೂನಾ ವಿಸ್ಟಾವರೆಗೆ ರೈಲಿನಲ್ಲಿ ಅಭ್ಯಾಸ ಮಾಡಿದೆ. ‘ಆಗಿಲ್ಲ. ಆಗಿಲ್ಲ. ಆಗಿಲ್ಲ.’ ಪಕ್ಕದ ಸೀಟಿನವಳು ಎದ್ದು ದೂರ ಹೋದಳು.

ಬಾಗಿಲು ತೆರೆಯಿತು. “ಬನ್ನಿ ಬನ್ನಿ, ಊಟ ಆ...”

“ಆಗಿಲ್ಲ!”

ಬೇಕಾದದ್ದಕ್ಕಿಂತ ಜೋರಾಗಿ ಬಂತು. ಲಿಫ್ಟಿನ ಹತ್ತಿರ ನಿಂತಿದ್ದವರೂ ತಿರುಗಿ ನೋಡಿದರು. ಮೇಡಂ ಮುಖ ಬಿಳಿಚಿತು. “ಅಯ್ಯೋ ದೇವರೇ! ನೀವು ಯಾವಾಗ್ಲೂ ಮುಗಿಸ್ಕೊಂಡೇ ಬರ್ತೀರಲ್ಲ ಅಂತ ನಾವು ಈಗ ತಾನೇ ಊಟ ಮಾಡಿ ಪಾತ್ರೆ ತೊಳೆದ್ವಿ!”

“ಹಾಗಾದ್ರೆ ಆ ಎರಡು ಸಲ?” ಅಂದಳು ಮಗಳು.

ನಾನು ಚಪ್ಪಲಿ ನೋಡಿಕೊಂಡೆ. “ಆವಾಗ್ಲೂ ಆಗಿರ್ಲಿಲ್ಲ.”

ಅಜ್ಜಿ ಸೋಫಾದಿಂದ ಎದ್ದರು. “ಏನು ನೋಡ್ತಾ ನಿಂತಿದೀಯೇ, ಅನ್ನಕ್ಕಿಡು.”

ಇಪ್ಪತ್ತು ನಿಮಿಷಕ್ಕೆ ಬಿಸಿ ಅನ್ನ, ಫ್ರಿಜ್ಜಿಗೆ ಎತ್ತಿಟ್ಟಿದ್ದ ಸಾರು, ಸುಟ್ಟ ಹಪ್ಪಳ. ಒಬ್ಬನೇ ಉಣ್ಣಬಾರದು ಅಂತ ಆಗಷ್ಟೇ ಉಂಡ ನಾಲ್ವರೂ ಮತ್ತೆ ತಟ್ಟೆ ಇಟ್ಟುಕೊಂಡು ಕೂತರು. ಮೇಡಂ ಗಂಡ ಬೆಲ್ಟ್ ಸಡಿಲಿಸಿಕೊಂಡರು. ಅಜ್ಜಿ ಸೌಟು ಹಿಡಿದು “ಇನ್ನೊಂದು ಸೌಟು ಹಾಕಿಸ್ಕೊಳಪ್ಪ, ಇದರಲ್ಲಿ ಮೊಲ ಇಲ್ಲ” ಅಂದರು. ಸಾರು ಖಾರವಿತ್ತು, ಕಣ್ಣಲ್ಲಿ ನೀರು ಬಂತು ಅಂತ ಹೇಳಿದೆ.

ಹೊರಡುವಾಗ ಮೇಡಂ ಬಾಗಿಲವರೆಗೆ ಬಂದರು. “ಮುಂದಿನ ಭಾನುವಾರ ಊಟಕ್ಕೇ ಬಂದ್ಬಿಡಿ.”

“ಛೆ ಛೆ, ಯಾಕೆ ಸುಮ್ನೆ ನಿಮಗೆ ತೊಂದ್ರೆ? ಬೇಡ ಮೇಡಂ” ಅಂದಿತು ಬಾಯಿ.

ಒಳಗಿಂದ ಮಗಳು ಕೂಗಿದಳು:

“ಅಮ್ಮಾ, ಅದು ಎಡಗಡೆ ಗಡಿಯಾರ ಮಾತಾಡಿದ್ದು ಲಾ. ಹನ್ನೆರಡೂವರೆಗೆ ತಟ್ಟೆ ಇಡು.”